ತಲೆಯ ಮೇಲೊಂದು ಸೂರು

ಅನ್ನ, ಬಟ್ಟೆ, ವಸತಿ ಈ ಮೂರೂ ಮನುಷ್ಯನ ಮೂಲಭೂತ ಅವಶ್ಯಕತೆಗಳು. ಇವುಗಳಲ್ಲಿ ಮೊದಲಿನ ಎರಡನ್ನು ಒಬ್ಬನು ಮತ್ತೊಬ್ಬನಿಗೆ ಒಂದು ಗಳಿಗೆಯಲ್ಲಿ ಕೊಟ್ಟುಬಿಡಬಹುದು. ಹಸಿದು ಬಂದವನಿಗೆ ಒಂದು ತುತ್ತು ಅನ್ನ, ಚಳಿಯಲ್ಲಿ ನಡುಗುವವನಿಗೆ ಒಂದು ಕಂಬಳಿ ಕೊಡುವುದು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದಿರುವ ಧರ್ಮ. ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನಿಟ್ಟು, ಛತ್ರಗಳನ್ನು ಕಟ್ಟಿಸಿದ ಪುಣ್ಯವಂತರನ್ನು ಜನರು ಇಂದಿಗೂ ನೆನೆಯುತ್ತಾರೆ. ಆದರೆ ಛತ್ರವು ಮನೆಯುಳ್ಳ ಪ್ರಯಾಣಿಕನಿಗೆ ಒಂದೆರಡು ರಾತ್ರಿಗಳ ಆಸರೆ ಮಾತ್ರ. ಮರಳಿ ಹೋಗಲು ಮನೆಯೇ ಇಲ್ಲದೆ ಬೀದಿಯಲ್ಲಿಯೇ ಬಾಳುವವರಿಗೆ ಸಮಾಜವು ಏನು ಮಾಡಬೇಕು? ಮುಂಬಯಿಯ ಬೀದಿಬದಿಯ ಹೆಂಗಸರು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಬಗೆಯನ್ನು ನಾವೆಲ್ಲರೂ ತಿಳಿಯಬೇಕಾಗಿದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಮನೆಯಿಲ್ಲದವರಿದ್ದರು. ಅವರಲ್ಲಿ 9 ಲಕ್ಷಕ್ಕೂ ಮಿಕ್ಕಿದವರು ನಗರವಾಸಿಗಳು. ರಸ್ತೆಯ ಬದಿ, ರೈಲು ನಿಲ್ದಾಣ, ಸೇತುವೆಯ ಅಡಿ, ದೇವಾಲಯದ ಜಗಲಿ, ದೊಡ್ಡ ಕೊಳವೆಗಳ ಒಡಲು ಇವೇ ಅವರ ನೆಲೆಗಳು. ಇಂತಹವರನ್ನು ಕಂಡಾಗ ‘ದುಡಿಯಲಾರದ ಸೋಮಾರಿಗಳು’ ಎಂದು ಮೂಗು ಮುರಿಯುವವರು ಅನೇಕರು. ಈ ಮಾತು ಸತ್ಯಕ್ಕೆ ದೂರವಾದುದು. ಮಳೆ ಹೋಗಿ ಬೆಳೆ ಕೆಟ್ಟಾಗ, ಸಾಲಕ್ಕೆ ಹೊಲ ಮಾರಿದಾಗ, ಮನೆಯ ಯಜಮಾನನು ತೀರಿಕೊಂಡಾಗ ಹಳ್ಳಿಯ ಬಡವನು ಪಟ್ಟಣದ ದಾರಿ ಹಿಡಿಯುತ್ತಾನೆ. ಅಲ್ಲಿ ಅವನಿಗೆ ಕೂಲಿ ದೊರೆಯುತ್ತದೆ. ಆದರೆ ಆ ಕೂಲಿಯಲ್ಲಿ ಬಾಡಿಗೆ ಕೊಡಲು ಸಾಧ್ಯವಾಗುವಂತಹ ಮನೆ ದೊರೆಯುವುದಿಲ್ಲ. ದೂರದ ಹೊರವಲಯದಲ್ಲಿ ನೆಲೆಸಿದರೆ ದಿನದ ಗಳಿಕೆಯ ಬಹುಭಾಗ ಪ್ರಯಾಣದ ವೆಚ್ಚಕ್ಕೇ ಹೋಗುತ್ತದೆ. ಆದುದರಿಂದ ನಡೆದು ಹೋಗುವಷ್ಟು ಸಮೀಪದಲ್ಲಿ ಕೆಲಸವಿರುವ ಬೀದಿಯ ಬದಿಯೇ ಅವನ ಮನೆಯಾಗುತ್ತದೆ. ಹೊರೆ ಹೊರುವವರು, ತರಕಾರಿ ಮಾರುವವರು, ಚಿಂದಿ ಆಯುವವರು, ಮನೆಗೆಲಸದವರು ಹೀಗೆ ನಗರದ ಬಾಳನ್ನು ಹಗುರಗೊಳಿಸುವ ಕೈಗಳೇ ರಾತ್ರಿ ಕಲ್ಲುಹಾಸಿನ ಮೇಲೆ ತಲೆಯೂರುತ್ತವೆ.

ಮುಂಬಯಿಯಲ್ಲಿ ಇಂತಹ ಸಾವಿರಾರು ಕುಟುಂಬಗಳು ಫುಟ್‌ಪಾತಿನ ಮೇಲೆ ಗೋಣಿ, ಹಲಗೆ, ಪ್ಲಾಸ್ಟಿಕ್ ಹಾಳೆಗಳಿಂದ ಗುಡಿಸಲು ಕಟ್ಟಿಕೊಂಡಿದ್ದವು. 1981ರ ಮಳೆಗಾಲದಲ್ಲಿ ಈ ಗುಡಿಸಲುಗಳನ್ನು ಕೆಡವಿ, ಅಲ್ಲಿದ್ದವರನ್ನು ಅವರವರ ಊರಿಗೆ ಕಳುಹಿಸಿಬಿಡಬೇಕೆಂದು ಮಹಾರಾಷ್ಟ್ರ ಸರ್ಕಾರವು ನಿರ್ಧರಿಸಿತು. ಇದನ್ನು ಪ್ರಶ್ನಿಸಿ ಕೆಲವರು ನಿವಾಸಿಗಳೂ, ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆಯೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರನ್ನೊಳಗೊಂಡ ಐವರು ನ್ಯಾಯಮೂರ್ತಿಗಳ ಪೀಠವು 1985ರ ಜುಲೈ 10ರಂದು ತೀರ್ಪಿತ್ತಿತು. ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಸಾರಿದುದು ಈ ತೀರ್ಪಿನ ಹಿರಿಮೆ. ಆದರೆ ಸಾರ್ವಜನಿಕರ ಕಾಲುಹಾದಿಯನ್ನು ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದೂ, ಮೊದಲು ತಿಳಿವಳಿಕೆ ಕೊಟ್ಟು ಮಳೆಗಾಲ ಕಳೆದ ಮೇಲೆ ಗುಡಿಸಲುಗಳನ್ನು ತೆರವು ಮಾಡಬಹುದೆಂದೂ ಅದು ಹೇಳಿತು. ತತ್ತ್ವದಲ್ಲಿ ಬಡವರು ಗೆದ್ದರು. ಆದರೆ ಅವರ ಗುಡಿಸಲುಗಳ ಮೇಲಿನ ಭಯ ಹಾಗೆಯೇ ಉಳಿಯಿತು.

ಇದಕ್ಕೆ ಸ್ವಲ್ಪ ಮುಂಚೆ, 1984ರಲ್ಲಿ, ಶೀಲಾ ಪಟೇಲ್ ಮತ್ತು ಅವರ ಸಂಗಡಿಗರು ‘ಸ್ಪಾರ್ಕ್’ ಎಂಬ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ್ದರು. ಬೈಕುಲಾ ಭಾಗದ ಫುಟ್‌ಪಾತುಗಳಲ್ಲಿ ವಾಸಿಸುವ ಹೆಂಗಸರ ನಡುವೆ ಕೆಲಸ ಮಾಡುವುದು ಅವರ ಉದ್ದೇಶವಾಗಿದ್ದಿತು. ಅವರು ಅನ್ನವನ್ನಾಗಲಿ ಬಟ್ಟೆಯನ್ನಾಗಲಿ ಹಂಚಲು ಹೋಗಲಿಲ್ಲ. ಮೊದಲು ಆ ಜನರನ್ನು ಎಣಿಸಲು ಹೊರಟರು. ಎಣಿಕೆಯಿಂದ ಆಗುವ ಉಪಕಾರವೇನೆಂದು ಯಾರಿಗಾದರೂ ಅನಿಸಬಹುದು. ಯಾವ ದಾಖಲೆಯಲ್ಲಿಯೂ ಹೆಸರಿಲ್ಲದವನಿಗೆ ಪಡಿತರ ಚೀಟಿ ಸಿಗುವುದಿಲ್ಲ; ಅವನ ಮಗುವಿಗೆ ಶಾಲೆಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ; ಸರ್ಕಾರದ ಯಾವ ಯೋಜನೆಯೂ ಅವನನ್ನು ಮುಟ್ಟುವುದಿಲ್ಲ. 1985ರಲ್ಲಿ ನಡೆದ ಆ ಗಣತಿಯಲ್ಲಿ ಸುಮಾರು 6,000 ಕುಟುಂಬಗಳ ವಿವರಗಳು ಸಂಗ್ರಹವಾದವು. ಕಣ್ಣಿಗೆ ಕಾಣದವರೆಂದು ತಮ್ಮನ್ನು ತಾವೇ ಕರೆದುಕೊಳ್ಳುವ ಅರ್ಥದ ಶೀರ್ಷಿಕೆಯೊಡನೆ ಆ ವರದಿ ಪ್ರಕಟವಾಯಿತು. ನಿತ್ಯವೂ ನೂರಾರು ಜನ ದಾಟಿ ನಡೆಯುವ ಹಾದಿಯಲ್ಲಿ ಬಾಳಿಯೂ ಯಾರ ಕಣ್ಣಿಗೂ ಬೀಳದಿದ್ದವರ ಬದುಕು ಹೀಗೆ ಬೆಳಕಿಗೆ ಬಂದಿತು.

ಮುಂದಿನ ವರ್ಷ, ಅಂದರೆ 1986ರಲ್ಲಿ, ಈ ಹೆಂಗಸರೇ ಸೇರಿ ‘ಮಹಿಳಾ ಮಿಲನ್’ ಎಂಬ ಸಂಘವನ್ನು ಕಟ್ಟಿಕೊಂಡರು. ಉಳಿತಾಯವೇ ಅದರ ಬುನಾದಿ. ಸಂಘದ ಹೆಂಗಸೊಬ್ಬಳು ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ಅವರವರು ಕೊಡಬಲ್ಲಷ್ಟು ಚಿಲ್ಲರೆ ಹಣವನ್ನು ಕೂಡಿಸುತ್ತಿದ್ದಳು. ಕೊಡಲು ಏನೂ ಇಲ್ಲದ ದಿನ ಬರಿಯ ಮಾತುಕತೆಯೇ ನಡೆಯುತ್ತಿತ್ತು. ಈ ಮಾತುಕತೆಯ ಬೆಲೆ ಕಡಿಮೆಯಾದುದಲ್ಲ. ಯಾರ ಮಗುವಿಗೆ ಜ್ವರ, ಯಾರಿಗೆ ಕೆಲಸ ತಪ್ಪಿದೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅದರಿಂದ ತಿಳಿದುಬರುತ್ತಿತ್ತು. ಕಷ್ಟ ಬಂದವರಿಗೆ ಆ ನಿಧಿಯಿಂದಲೇ ಸಾಲ ದೊರೆಯುತ್ತಿತ್ತು. ಬಡ್ಡಿಯವನ ಮನೆಯ ಬಾಗಿಲು ಕಾಯುವ ದುಃಸ್ಥಿತಿ ತಪ್ಪುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಹಣಕ್ಕೆ ಹೇಗೋ ವಿಶ್ವಾಸಕ್ಕೂ ಹಾಗೆಯೇ ಅನ್ವಯಿಸುತ್ತದೆ. ಪೊಲೀಸ್ ಠಾಣೆಗೆ ಒಬ್ಬಳೇ ಹೋಗಲು ಹೆದರುತ್ತಿದ್ದ ಹೆಂಗಸು ಹತ್ತು ಜನರೊಡನೆ ಹೋಗಿ ಮಾತನಾಡುವುದನ್ನು ಕಲಿತಳು. ಪಡಿತರ ಚೀಟಿಗಳನ್ನು ಕೇಳಿ ಪಡೆದುದು ಈ ಸಂಘಶಕ್ತಿಯ ಮೊದಲ ಫಲಗಳಲ್ಲೊಂದು.

ಈ ಕಾರ್ಯದಲ್ಲಿ ಅವರಿಗೆ ಜೊತೆಯಾದವರು ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಜಾಕಿನ್ ಅರ್ಪುತಮ್. ಇವರು ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಮುಂಬಯಿಗೆ ಹೋಗಿ, ಬಡಗಿ ಕೆಲಸ ಮಾಡುತ್ತ, ಬಯಲಿನಲ್ಲಿ ಮಲಗಿ ದಿನ ಕಳೆದವರು. ಜನತಾ ಕಾಲೋನಿ ಎಂಬ ಕೊಳೆಗೇರಿಯಲ್ಲಿ ರಾಶಿ ಬಿದ್ದಿದ್ದ ಕಸವನ್ನು ಯಾರೂ ಸಾಗಿಸದಿದ್ದಾಗ, ಮಕ್ಕಳನ್ನು ಕೂಡಿಸಿಕೊಂಡು ಆ ಕಸವನ್ನು ಹೊತ್ತು ನಗರಸಭೆಯ ಕಚೇರಿಯ ಮುಂದೆಯೇ ಸುರಿದರು. ಆ ಕಾಲೋನಿಯನ್ನು 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ತೆರವು ಮಾಡಲಾಯಿತು. ಬಡವರು ಕೇವಲ ಪ್ರತಿಭಟಿಸಿದರೆ ಸಾಲದು, ಅಧಿಕಾರಿಗಳ ಮುಂದೆ ತಮ್ಮದೇ ಆದ ಲೆಕ್ಕವನ್ನೂ ಯೋಜನೆಯನ್ನೂ ಇಡಬೇಕು ಎಂಬ ನಿಲುವನ್ನು ಅವರು ಮುಂದೆ ತಾಳಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ, 2011ರಲ್ಲಿ ಪದ್ಮಶ್ರೀ ಗೌರವವೂ ಅವರಿಗೆ ಸಂದವು. 2018ರಲ್ಲಿ ಅವರು ನಿಧನರಾದರು.

ಮಹಿಳಾ ಮಿಲನ್‌ನ ಹೆಂಗಸರು ತಮಗೆ ಬೇಕಾದ ಮನೆಯ ನಕ್ಷೆಯನ್ನೂ ತಾವೇ ರೂಪಿಸಿದರು. ಬೀದಿಯ ಬದಿಯಲ್ಲಿ ಬಾಳಿದವರಿಗೆ ಒಂದೊಂದು ಅಂಗುಲ ಸ್ಥಳದ ಬೆಲೆಯೂ ಗೊತ್ತಿರುತ್ತದೆ. ಗೋಡೆಯನ್ನು 14 ಅಡಿ ಎತ್ತರಿಸಿದರೆ ಒಳಗೆ ಅಟ್ಟವೊಂದನ್ನು ಕಟ್ಟಬಹುದು, ಚಿಕ್ಕ ಕೋಣೆಯೇ ಎರಡು ಕೋಣೆಗಳಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಹೊದಿಸಿ, ನಿಜವಾದ ಮನೆಯ ಅಳತೆಯಲ್ಲಿಯೇ ಮಾದರಿಗಳನ್ನು ನಿಲ್ಲಿಸಿ ಪ್ರದರ್ಶಿಸಿದರು. ಅವುಗಳ ಒಳಹೊಕ್ಕು ನೋಡಿದ ಬಡವರಿಗೆ, ಮನೆಯೆಂಬುದು ಕನಸಿನ ವಸ್ತುವಲ್ಲ, ಅಳತೆಯೂ ಬೆಲೆಯೂ ಉಳ್ಳ ವಸ್ತು ಎಂಬ ಧೈರ್ಯ ಮೂಡಿತು. ಒಳಹೊಕ್ಕು ನೋಡಿದ ಅಧಿಕಾರಿಗಳಿಗೆ, ಈ ಜನ ಬೇಡುತ್ತಿರುವವರಲ್ಲ, ಯೋಚಿಸಿ ಬಂದವರು ಎಂಬುದು ಮನದಟ್ಟಾಯಿತು.

ಆದರೂ ಫಲ ಬೇಗನೆ ಕೈಗೆ ಬರಲಿಲ್ಲ. 1995ರಲ್ಲಿ ಮಹಾರಾಷ್ಟ್ರದ ಕೊಳೆಗೇರಿ ಪುನರ್ವಸತಿ ನೀತಿಯು, ನಿಗದಿಯಾದ ದಿನಾಂಕಕ್ಕೆ ಮೊದಲಿನಿಂದ ನೆಲೆಸಿದ್ದ ಫುಟ್‌ಪಾತ್ ವಾಸಿಗಳೂ ಪುನರ್ವಸತಿಗೆ ಅರ್ಹರೆಂದು ಒಪ್ಪಿಕೊಂಡಿತು. ಮುಂದೆ ಮಾನ್‌ಖುರ್ದ್‌ನಲ್ಲಿ ‘ಮಿಲನ್ ನಗರ’ ತಲೆಯೆತ್ತಿತು. ಬೀದಿಯಿಂದ ಹೊರಟ ಕುಟುಂಬಗಳು ಬಾಗಿಲುಳ್ಳ ಮನೆಗಳನ್ನು ಸೇರಿದವು. ಉಳಿತಾಯಕ್ಕೆ ಕೈಹಾಕಿದ ದಿನದಿಂದ ಆ ಬಾಗಿಲಿನ ತನಕ ಎಷ್ಟೋ ವರ್ಷಗಳು ಉರುಳಿದ್ದವು. ಅಂದು ತಾಯಿಯ ಸೊಂಟದ ಮೇಲಿದ್ದ ಕೂಸುಗಳು ಅಷ್ಟರಲ್ಲಿ ಬೆಳೆದುನಿಂತಿದ್ದವು. ಮುಂಬಯಿಯ ಎಲ್ಲ ಫುಟ್‌ಪಾತ್ ವಾಸಿಗಳಿಗೂ ಇಂತಹ ಭಾಗ್ಯ ಲಭಿಸಿತೆಂದೂ ಹೇಳುವಂತಿಲ್ಲ.

ಉಳಿತಾಯ ಮಾಡುವ ಶಕ್ತಿಯೂ ಇಲ್ಲದ ನಿರ್ವಸತಿಗರೂ ಇದ್ದಾರೆ. ಮನೆಯಿಂದ ಹೊರದೂಡಲ್ಪಟ್ಟ ವೃದ್ಧರು, ಮನೋರೋಗದಿಂದ ದಾರಿ ತಪ್ಪಿದವರು, ಏಕಾಕಿಗಳಾದ ಮಕ್ಕಳು ಸಂಘ ಕಟ್ಟಿಕೊಳ್ಳಲಾರರು. ಇವರಿಗೆ ರಾತ್ರಿಯ ಆಶ್ರಯವೇ ಪ್ರಾಣರಕ್ಷೆ. ದೆಹಲಿಯ ಚಳಿಯಲ್ಲಿ ನಿರ್ವಸತಿಗರು ಪಡುವ ಪಾಡನ್ನು ಗಮನಿಸಿದ ಸರ್ವೋಚ್ಚ ನ್ಯಾಯಾಲಯವು, ಆಶ್ರಯತಾಣಗಳನ್ನು ತೆರೆಯಬೇಕೆಂದು 2010ರಲ್ಲಿ ಆದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು, ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರಿಗಾಗುವಷ್ಟು ಆಶ್ರಯವಿರಬೇಕೆಂದು ಗೊತ್ತುಪಡಿಸಿತು. ಆದರೆ ಕಟ್ಟಡವೊಂದಿದ್ದರೆ ಸಾಲದು. ಮಳೆಯಲ್ಲಿ ನೆನೆಯುತ್ತಿರುವ ಮುದುಕನಿಗೆ ಆ ಕಟ್ಟಡದ ದಾರಿ ತೋರುವವರು, ಅಲ್ಲಿ ಅವನ ಹೆಸರನ್ನು ಕೇಳಿ ಕರೆಯುವವರು, ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಬೇಕು. ಸರ್ಕಾರದ ಆದೇಶವು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆತರುವ ಕೆಲಸ ನೆರೆಹೊರೆಯವರದು.

ನಿರ್ವಸತಿಗರಿಗೆ ನೆರವಾಗುವುದೆಂದರೆ ಕೇವಲ ಕನಿಕರ ತೋರುವುದಲ್ಲವೆಂಬುದನ್ನು ಈ ವೃತ್ತಾಂತದಿಂದ ನಾವು ಮನಗಾಣಬಹುದು. ಕನಿಕರವು ಕೆಳಗಿರುವವನ ಕಡೆಗೆ ಬಾಗುತ್ತದೆ. ಗೌರವವು ಅವನ ಪಕ್ಕದಲ್ಲಿ ಕುಳಿತು ‘ನಿನಗೆ ಏನು ಬೇಕು?’ ಎಂದು ಕೇಳುತ್ತದೆ. ಬೈಕುಲಾದ ಹೆಂಗಸರನ್ನು ಹಾಗೆ ಕೇಳಿದವರು ದೊರೆತಾಗ, ಅವರು ತಮ್ಮ ಮನೆಯ ಎತ್ತರವನ್ನೂ ತಾವೇ ಅಳೆದು ಹೇಳಿದರು.