ಕುಡಿಯುವ ಕಾಲರಾ ಲಸಿಕೆ

ನಮ್ಮಲ್ಲಿ ಓದಿ ಈಗ ಇಬ್ಬರು ಮಕ್ಕಳ ತಾಯಿಯಾಗಿರುವ ಒಬ್ಬಾಕೆಯು ಕಳೆದ ಪೋಷಕರ ಸಭೆಯಲ್ಲಿ ನಮ್ಮನ್ನು, “ಟೀಚರೇ, ಕಾಲರಾಕ್ಕೆ ಕುಡಿಯುವ ಲಸಿಕೆಯುಂಟಂತೆ. ವಾಂತಿಭೇದಿ ಕಂಡೊಡನೆ ಅದನ್ನು ಕುಡಿಸಿದರೆ ಸಾಕಲ್ಲವೇ?” ಎಂದು ಕೇಳಿದಳು. ಹೀಗೆ ನಂಬಿದ ತಾಯಿಯು ಮಗುವನ್ನೇ ಕಳೆದುಕೊಂಡಾಳೆಂಬ ಭಯದಿಂದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಕಾಲರಾ ಕ್ರಿಮಿಯು ರಕ್ತವನ್ನು ಸೇರತಕ್ಕದ್ದಲ್ಲ. ಅದು ಸಣ್ಣ ಕರುಳಿನ ಒಳಪೊರೆಗೆ ಅಂಟಿಕೊಂಡು ಅಲ್ಲಿಯೇ ಒಂದು ವಿಷವನ್ನು ಕಾರುವುದು. ಆ ವಿಷದ ದೆಸೆಯಿಂದ ಶರೀರದ ನೀರೂ ಲವಣವೂ ಕರುಳಿನೊಳಕ್ಕೆ ಸುರಿದು ಹೊರಟುಹೋಗುವುವು. ಈ ವಿಷವುಂಟೆಂಬುದನ್ನು 1959ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕಲ್ಕತ್ತೆಯ ಡಾಕ್ಟರ್ ಶಂಭುನಾಥ ಡೇಯವರು. ಇವರ ಹೆಸರನ್ನು ಬಲ್ಲ ಹುಡುಗಿಯರು ನಮ್ಮ ತರಗತಿಗಳಲ್ಲಿ ವಿರಳವೆಂದು ಹೇಳಲು ನಾಚಿಕೆಯಾಗುತ್ತದೆ.

1894ರಲ್ಲಿ ಹಾಫ್‌ಕಿನ್ ಸಾಹೇಬರು ಅದೇ ಕಲ್ಕತ್ತೆಯಲ್ಲಿ ಕಾಲರಾ ಚುಚ್ಚುಮದ್ದನ್ನು ಪರೀಕ್ಷಿಸಿದ್ದರು. ಆದರೆ ತೋಳಿಗೆ ಚುಚ್ಚಿದ ಮದ್ದು ಹೆಚ್ಚಾಗಿ ರಕ್ತದಲ್ಲಿ ಕಾವಲನ್ನಿಡುವುದು, ಕಳ್ಳನಾದರೋ ಕರುಳಿನಲ್ಲಿದ್ದಾನೆ. ಹಳೆಯ ಚುಚ್ಚುಮದ್ದುಗಳ ರಕ್ಷಣೆಯು ಕೆಲವು ತಿಂಗಳುಗಳಷ್ಟೇ ನಿಂತಿತು. ಇಂದಿನ ಕುಡಿಯುವ ಲಸಿಕೆಯಲ್ಲಿ ಕೊಂದ ಕ್ರಿಮಿಗಳನ್ನು ಸೇರಿಸಿರುತ್ತಾರೆ. ಅವು ಕರುಳನ್ನೇ ಮುಟ್ಟಿ, ಅದರ ಪೊರೆಯಲ್ಲಿಯೇ ಕಾವಲನ್ನು ಎಬ್ಬಿಸುತ್ತವೆ. 2006ರಲ್ಲಿ ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಇದನ್ನು ಎರಡು ವಾರಗಳ ಅಂತರದಲ್ಲಿ ಎರಡು ಸಲ ಕುಡಿಸಿ, ಐದು ವರ್ಷ ಗಮನಿಸಿದರು. ನೂರಕ್ಕೆ ಸುಮಾರು 65ರಷ್ಟು ರಕ್ಷಣೆ ದೊರೆಯಿತು. ಎಂದರೆ, ಲಸಿಕೆಯಿಲ್ಲದಿದ್ದರೆ ನೂರು ಮಂದಿ ಬೀಳುವಲ್ಲಿ 35 ಮಂದಿ ಬಿದ್ದರು. ಐದು ವರ್ಷ ತುಂಬದ ಮಕ್ಕಳಿಗೆ ರಕ್ಷಣೆಯು ಇದಕ್ಕಿಂತ ಕಡಿಮೆ. ಆದಕಾರಣ ಲಸಿಕೆ ಕುಡಿಸಿದ ಮನೆಯಲ್ಲಿಯೂ ನೀರನ್ನು ಕುದಿಸಲೇಬೇಕು.

ಇನ್ನು ಆ ತಾಯಿಯ ಪ್ರಶ್ನೆ. ಲಸಿಕೆಯ ಕಾವಲು ಏಳಲು ದಿನಗಳು ಬೇಕು. ಕಾಲರಾ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ರೋಗ ಬಿದ್ದ ಮೇಲೆ ಬೇಕಾದದ್ದು ಕಳೆದುಹೋದ ನೀರು ಮತ್ತು ಲವಣ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ, ಸೂಜಿಯ ಮೂಲಕ ಕೊಡುವ ಲವಣಜಲವು ಮುಗಿಯುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನಾಬಿಸರು ಸಕ್ಕರೆ ಉಪ್ಪುಗಳ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಔಷಧದಂಗಡಿಯ ಓಆರ್‌ಎಸ್ ಪೊಟ್ಟಣವಿದ್ದರೆ ಅದೇ ಉತ್ತಮ. ಇಲ್ಲವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮನಾಗಿ ಅಳೆದು ಕರಗಿಸಬೇಕು. ಉಪ್ಪು ಇದಕ್ಕಿಂತ ಹೆಚ್ಚಾಗಕೂಡದು. ಕೂಡಲೇ ಆಸ್ಪತ್ರೆಗೆ ಹೊರಡಬೇಕು; ದಾರಿಯುದ್ದಕ್ಕೂ, ವಾಂತಿಯಾದರೂ ಸ್ವಲ್ಪ ತಡೆದು, ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು.