ಹೊಸ ಹೂವಿನ ತಳಿ: ಹಂಚುವ ಮುನ್ನ ಬರೆದಿಡಿ



ಸೇವಂತಿಗೆಯ ಮಡಿಯಲ್ಲಿ, ಗುಲಾಬಿಯ ತೋಟದಲ್ಲಿ, ಹಿತ್ತಿಲ ಚೆಂಡುಹೂವಿನ ಸಾಲಿನಲ್ಲಿ ಎಂದಾದರೊಮ್ಮೆ ಯಾರೂ ಕಂಡಿಲ್ಲದ ಹೂವು ಅರಳುವುದುಂಟು. ಅಂಥ ಹೂವು ಕಂಡಾಗ ಏನು ಮಾಡಬೇಕು? ಅದನ್ನು ಸರಕಾರದ ದಾಖಲೆಯಲ್ಲಿ ನಿಮ್ಮ ಹೆಸರಿಗೆ ನೋಂದಾಯಿಸುವ ಕ್ರಮ ಯಾವುದು? ಇದು ಈ ಸಲದ ಪಾಠ. ಪಾಠಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ವಯಸ್ಸಾದ ರೈತರೊಬ್ಬರಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಅವರ ಹಳದಿ ಸೇವಂತಿಗೆಯ ಗಿಡವೊಂದರಲ್ಲಿ ಒಂದೇ ಒಂದು ಕೊಂಬೆ ತಾಮ್ರದ ಬಣ್ಣದ ಹೂ ಬಿಟ್ಟಿತು. ನಾನು ಡಿಪ್ಲೊಮಾ ಮುಗಿಸಿ ಗ್ರಾಮಸೇವಕನಾಗಿ ಬಂದು ಆಗ ಹೆಚ್ಚು ದಿನವಾಗಿರಲಿಲ್ಲ. ಅಜ್ಜ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. "ಚೆನ್ನಾಗಿದೆ ಅಜ್ಜ" ಎಂದೆ, ಕಾಫಿ ಕುಡಿದೆ, ಮಣ್ಣಿನ ಮಾದರಿಯ ಚೀಲ ತೆಗೆದುಕೊಂಡು ಬಂದುಬಿಟ್ಟೆ.

ಅಜ್ಜ ಆ ಕೊಂಬೆಯ ಕುಡಿಗಳನ್ನು ಮರಳಿನಲ್ಲಿ ಬೇರು ಬರಿಸಿ, ಮುಂದಿನ ವರ್ಷ ಒಂದು ಮಡಿ ಮಾಡಿದರು. ತೀರಿಹೋದ ಹೆಂಡತಿಯ ಹೆಸರಿನಿಂದಲೇ ಆ ಹೂವನ್ನು ಕರೆಯುತ್ತಿದ್ದರು. ಎರಡು ವರ್ಷ ಹೂವನ್ನು ಸಂತೆಗೆ ಹಾಕಿದರು. ಕೇಳಿದವರಿಗೆಲ್ಲ ಸಸಿ ಕೊಟ್ಟರು. ಸಸಿ ಮಾರುವವರೊಬ್ಬರು ಒಂದು ಚೀಲದ ತುಂಬ ಮರಿಸಸಿಗಳನ್ನು ಅಗ್ಗದಲ್ಲಿ ಕೊಂಡುಹೋದರು. ಮರುವರ್ಷ ಅದೇ ಹೂವು ಬೇರೊಂದು ಹೆಸರಿನಲ್ಲಿ, ಕುಂಡಕ್ಕೆ ಇಷ್ಟು ಎಂದು, ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ಅಜ್ಜ ನನ್ನನ್ನು ಕೇಳಿದ್ದು ಒಂದೇ ಮಾತು: "ಹೂವು ಹೋಗಲಿ ಮಗಾ, ಅವಳ ಹೆಸರಾದರೂ ಉಳಿಸಬಹುದಾಗಿತ್ತೇ?"

ಉಳಿಸಬಹುದಾಗಿತ್ತು. ಆದರೆ ಆ ಹೂವು ಮೊದಲು ಅರಳಿದ್ದು ಅವರ ಹೊಲದಲ್ಲಿ ಎಂಬುದಕ್ಕೆ ಒಂದು ಸಾಲು ಬರಹವೂ ಇರಲಿಲ್ಲ. ಬರೆಯಿಸಬೇಕಾದವನು ನಾನು ಬರೆಯಿಸಿರಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಎಂದೇ ಈ ಪಾಠ.

೧. ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ೨೦೦೧ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಆಯಿತು. ಅದನ್ನು ನಡೆಸುವ ಪ್ರಾಧಿಕಾರವು ೨೦೦೫ರಲ್ಲಿ ನವದೆಹಲಿಯಲ್ಲಿ ಸ್ಥಾಪಿತವಾಯಿತು. ಅದರ ಶಾಖಾ ಕಚೇರಿಗಳಲ್ಲಿ ಒಂದು ನಮ್ಮ ಶಿವಮೊಗ್ಗದಲ್ಲಿದೆ.

ಹೊಸ ತಳಿ ಎಂದರೆ ವಿಜ್ಞಾನಿಗಳ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ತಳಿಗಾರನೆಂದರೆ ಯಾರು ಎಂದು ಹೇಳುವ ಕಡೆ ಈ ಕಾಯಿದೆ ಸಂಸ್ಥೆಗಳ ಜೊತೆಗೆ ರೈತನನ್ನೂ, ರೈತರ ಗುಂಪನ್ನೂ ಹೆಸರಿಸಿದೆ. ಅಷ್ಟೇ ಅಲ್ಲ, ಈ ಕಾಯಿದೆಯ ಯಾವ ನಡವಳಿಗೂ ರೈತನಾಗಲಿ, ರೈತರ ಗುಂಪಾಗಲಿ, ಊರಿನ ಸಮುದಾಯವಾಗಲಿ ಶುಲ್ಕ ಕೊಡಬೇಕಾಗಿಲ್ಲ. ಆದುದರಿಂದ "ಅರ್ಜಿಗೆ ಇಷ್ಟು ಹಣ ಕಟ್ಟಬೇಕು, ನಾನು ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಬಂದರೆ ಎಚ್ಚರವಾಗಿರಿ.

ನೋಂದಣಿಯಾದ ತಳಿಯ ಸಸಿ ಅಥವಾ ಬೀಜವನ್ನು ವ್ಯಾಪಾರಕ್ಕಾಗಿ ಬೆಳೆಸುವ, ಮಾರುವ, ಹಂಚುವ, ಹೊರದೇಶಕ್ಕೆ ಕಳುಹಿಸುವ ಹಕ್ಕು ನೋಂದಾಯಿಸಿದವರದು. ಬೇರೆಯವರು ಅವರ ಒಪ್ಪಿಗೆ ಪಡೆಯಬೇಕು. ಸೇವಂತಿಗೆಯಂಥ ಬೆಳೆಗೆ ಮೊದಲು ೬ ವರ್ಷ, ನವೀಕರಿಸಿದರೆ ಒಟ್ಟು ೧೫ ವರ್ಷ ಈ ಹಕ್ಕು ನಡೆಯುತ್ತದೆ. ಮರ ಮತ್ತು ಬಳ್ಳಿಗಳಿಗೆ ಮೊದಲು ೯, ಒಟ್ಟು ೧೮ ವರ್ಷ.

೨. ನಾಲ್ಕು ಪರೀಕ್ಷೆಗಳು

ಹೊಸ ತಳಿಯೆಂದು ನೋಂದಣಿ ಆಗಬೇಕಾದರೆ ನಾಲ್ಕು ಗುಣಗಳಿರಬೇಕು.

ಹೊಸತನ: ಈ ತಳಿಯ ಸಸಿ, ಬೀಜ ಅಥವಾ ಫಸಲು ಅರ್ಜಿ ಹಾಕುವುದಕ್ಕೆ ಒಂದು ವರ್ಷಕ್ಕಿಂತ ಮುಂಚೆ ನಮ್ಮ ದೇಶದಲ್ಲಿ ನಿಮ್ಮಿಂದಾಗಲಿ, ನಿಮ್ಮ ಒಪ್ಪಿಗೆಯಿಂದಾಗಲಿ ಮಾರಾಟವಾಗಿರಬಾರದು. ಫಸಲು ಎಂಬ ಮಾತಿನ ಮೇಲೆ ಲಕ್ಷ್ಯವಿಡಿ. ಹೂವಿನ ಬೆಳೆಗೆ ಫಸಲೆಂದರೆ ಹೂವೇ. ಸಸಿಯನ್ನು ಯಾರಿಗೂ ಕೊಡದೆ ಬರಿಯ ಹೂವನ್ನು ಸಂತೆಗೆ ಹಾಕಿದರೂ ಆ ದಿನದಿಂದ ಲೆಕ್ಕ ಶುರುವಾಗುತ್ತದೆ. ಅಜ್ಜನ ತಳಿ ಹೊಸತನ ಕಳೆದುಕೊಂಡಿದ್ದು ಇಲ್ಲಿಯೇ. ಅವರ ಹೂವು ಎರಡು ವರ್ಷ ಸಂತೆ ಕಂಡಿತ್ತು.

ಭಿನ್ನತೆ: ಈಗಾಗಲೇ ಎಲ್ಲರಿಗೂ ಗೊತ್ತಿರುವ ತಳಿಗಳಿಂದ ಒಂದಾದರೂ ಮುಖ್ಯ ಗುಣದಲ್ಲಿ ಇದು ಸ್ಪಷ್ಟವಾಗಿ ಬೇರೆಯಾಗಿರಬೇಕು.

ಏಕರೂಪತೆ: ಮಡಿಯ ಗಿಡಗಳೆಲ್ಲ ಒಂದೇ ತೆರನಾಗಿರಬೇಕು. ಮಡಿಯಲ್ಲಿ ಒಂದು ಸಾಲು ತಾಮ್ರದ ಬಣ್ಣ, ಒಂದು ಸಾಲು ಹಳದಿಯಾದರೆ ಅದು ತಳಿಯಲ್ಲ.

ಸ್ಥಿರತೆ: ವರ್ಷ ವರ್ಷವೂ ಸಸಿ ಮಾಡುತ್ತಾ ಹೋದರೂ ಗುಣ ಬದಲಾಗಬಾರದು.

ರೈತರು ತಮ್ಮ ಹೊಲಗಳಲ್ಲಿ ಪರಂಪರೆಯಿಂದ ಬೆಳೆಸಿ ರೂಪಿಸಿಕೊಂಡು ಬಂದ ತಳಿಯಾದರೆ ಅದನ್ನು "ರೈತರ ತಳಿ" ಎಂದು ನೋಂದಾಯಿಸುವ ದಾರಿ ಬೇರೆ ಇದೆ. ಅದಕ್ಕೆ ಹೊಸತನದ ಪರೀಕ್ಷೆ ಇಲ್ಲ. ಉಳಿದ ಮೂರು ಗುಣಗಳು ಬೇಕು.

೩. ಹೊಲದಲ್ಲಿ ಮಾಡಬೇಕಾದ ಕೆಲಸ

ಮೊದಲು ಗುರುತು ಹಾಕಿ. ಬೇರೆ ಹೂವು ಬಿಟ್ಟ ಕೊಂಬೆಗೆ ಬಣ್ಣದ ದಾರ ಕಟ್ಟಿ. ಪಕ್ಕದ ಸಾಮಾನ್ಯ ಹೂವನ್ನೂ ಸೇರಿಸಿ ಫೋಟೋ ತೆಗೆಯಿರಿ. ಅಂದಿನ ತಾರೀಖು ಬರೆದಿಡಿ.

ಎರಡನೆಯದಾಗಿ ಬೇರ್ಪಡಿಸಿ. ಇಲ್ಲಿ ಅನೇಕರು ತಪ್ಪುತ್ತಾರೆ. ಸೇವಂತಿಗೆಯ ಬುಡದಲ್ಲಿ ಏಳುವ ಮರಿಗಳನ್ನು ಕಿತ್ತು ನೆಡುವುದು ನಮ್ಮ ರೂಢಿ. ಆದರೆ ಬದಲಾವಣೆ ಆಗಿರುವುದು ಒಂದು ಕೊಂಬೆಯಲ್ಲಿ ಮಾತ್ರ. ಬುಡದ ಮರಿ ಹಳೆಯ ಹಳದಿ ಹೂವನ್ನೇ ಬಿಡುತ್ತದೆ. ಆದುದರಿಂದ ಹೂವು ಮುಗಿದ ಮೇಲೆ ಆ ಕೊಂಬೆಯನ್ನಷ್ಟೇ ಹಗುರವಾಗಿ ಕತ್ತರಿಸಿ. ಅದರಲ್ಲಿ ಹೊಸದಾಗಿ ಒಡೆಯುವ ಚಿಗುರು ಕುಡಿಗಳನ್ನು ಸುಮಾರು ನಾಲ್ಕು ಅಂಗುಲ ಉದ್ದಕ್ಕೆ ತೆಗೆದು, ಕೆಳಗಿನ ಎಲೆ ಬಿಡಿಸಿ, ನೆರಳಿನಲ್ಲಿ ತೇವದ ಮರಳಿನಲ್ಲಿ ನೆಡಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಹೀಗೆ ಬಂದ ಗಿಡಗಳು ಹೂ ಬಿಟ್ಟು ಬಣ್ಣ ಖಚಿತವಾದ ಮೇಲೆ ಅವುಗಳ ಬುಡದ ಮರಿಗಳನ್ನೂ ಬಳಸಬಹುದು.

ಚೆಂಡುಹೂವಿನಂತೆ ಬೀಜದಿಂದ ಬೆಳೆಯುವ ಹೂವಾದರೆ ಕೆಲಸ ಹೆಚ್ಚು. ಜೇನುಹುಳು ಪಕ್ಕದ ಗಿಡದ ಪರಾಗವನ್ನು ತಂದು ಬೆರೆಸುತ್ತದೆ. ಆಯ್ದ ಗಿಡಗಳನ್ನು ಬೇರೆ ಚೆಂಡುಹೂವಿನಿಂದ ದೂರ ಬೆಳೆಸಿ, ಪ್ರತಿ ತಲೆಮಾರಿನಲ್ಲೂ ಬೇರೆ ರೂಪದ ಗಿಡಗಳನ್ನು ಹೂ ಬಿಡುತ್ತಲೇ ಕಿತ್ತು ಹಾಕಬೇಕು. ಎಲ್ಲ ಗಿಡಗಳೂ ಒಂದೇ ಬಗೆಯಾಗಲು ಅನೇಕ ತಲೆಮಾರುಗಳೇ ಬೇಕಾಗುತ್ತವೆ.

ಮೂರನೆಯದಾಗಿ ಕಾದು ನೋಡಿ. ಎರಡು ಮೂರು ಹಂಗಾಮು ಹೂವು ನೋಡದೆ ಅರ್ಜಿಗೆ ಅವಸರಪಡಬೇಡಿ. ಕೊಂಬೆಯಲ್ಲಿ ಹುಟ್ಟಿದ ಬಣ್ಣ ಕೆಲವೊಮ್ಮೆ ಹಿಂದಿನ ಬಣ್ಣಕ್ಕೆ ತಿರುಗುವುದುಂಟು. ಈ ಅವಧಿಯಲ್ಲಿ ಹೂವನ್ನು ಮಾರಬೇಡಿ. ದೇವರ ಮನೆಗೆ, ಮುಡಿಗೆ ಬಳಸಿಕೊಳ್ಳಿ.

ನಾಲ್ಕನೆಯದಾಗಿ ಅಳೆದು ಬರೆಯಿರಿ. ಗಿಡದ ಎತ್ತರ, ಎಲೆಯ ಆಕಾರ, ಹೂವಿನ ಅಡ್ಡಳತೆ, ಎಸಳುಗಳ ರೂಪ, ನೆಟ್ಟ ಎಷ್ಟನೆಯ ದಿನಕ್ಕೆ ಹೂವು, ಕಿತ್ತ ಮೇಲೆ ಎಷ್ಟು ದಿನ ಬಾಡದೆ ಇರುತ್ತದೆ, ಇವೆಲ್ಲವನ್ನೂ ಹತ್ತು ಗಿಡಗಳಲ್ಲಿ ಅಳೆಯಿರಿ. ಇದನ್ನು ಹೋಲುವ ಪರಿಚಿತ ತಳಿಯೊಂದನ್ನು ಪಕ್ಕದ ಸಾಲಿನಲ್ಲಿಯೇ ಬೆಳೆಸಿ, ಅದರ ಅಳತೆಯನ್ನೂ ಬರೆಯಿರಿ. ಹೋಲಿಕೆಯಿಲ್ಲದೆ ಭಿನ್ನತೆಯನ್ನು ತೋರಿಸಲಾಗದು. ಬಣ್ಣವನ್ನು ಬೆಳಗಿನ ಹೊತ್ತು ನೆರಳಿನಲ್ಲಿ ನೋಡಿ. ಬಿಸಿಲಿಗೆ ಬಣ್ಣ ಮೋಸ ಮಾಡುತ್ತದೆ.

ತಾಯಿ ಗಿಡ ಯಾವುದು, ಎಲ್ಲಿಂದ ತಂದದ್ದು ಎಂಬುದನ್ನೂ ಬರೆಯಲೇಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಸುಗಂಧರಾಜದ "ಪ್ರಜ್ವಲ್" ತಳಿಯನ್ನು ನಿಮ್ಮಲ್ಲಿ ಕೆಲವರು ಬೆಳೆಯುತ್ತೀರಿ. ಅದು "ಶೃಂಗಾರ್" ಮತ್ತು "ಮೆಕ್ಸಿಕನ್ ಸಿಂಗಲ್" ತಳಿಗಳ ಸಂಕರದಿಂದ ಬಂದದ್ದು ಎಂದು ಇಂದು ಯಾರು ಬೇಕಾದರೂ ಹೇಳಬಲ್ಲರು. ಸಂಕರ ಮಾಡಿದವರು ಬರೆದಿಟ್ಟರು, ಅದರಿಂದ ತಿಳಿಯಿತು. ನಿಮ್ಮ ಗಿಡದ ವಂಶವನ್ನೂ ಹಾಗೆಯೇ ಬರೆದಿಡಿ.

ಇನ್ನೊಂದು ಎಚ್ಚರಿಕೆ: ತಾಯಿ ಗಿಡವೇ ಬೇರೊಬ್ಬರ ಹೆಸರಿನಲ್ಲಿ ನೋಂದಣಿಯಾದ ತಳಿಯಾಗಿದ್ದರೆ, ಅದರ ಕೊಂಬೆಯಲ್ಲಿ ಬಂದ ಹೊಸ ಹೂವನ್ನು ವ್ಯಾಪಾರಕ್ಕೆ ತರಲು ಅವರ ಒಪ್ಪಿಗೆ ಬೇಕಾಗುತ್ತದೆ. ಕಂಪನಿಯ ಗುಲಾಬಿ ಬೆಳೆಯುವವರು ಇದನ್ನು ನೆನಪಿಡಬೇಕು.

೪. ಹೆಸರಿಡುವುದು

ತಳಿಗೆ ಒಂದೇ ಹೆಸರು. ಅದು ಬರಿಯ ಅಂಕಿಯಾಗಿರಬಾರದು. ಜನರಿಗೆ ತಪ್ಪು ತಿಳಿವಳಿಕೆ ಕೊಡಬಾರದು. ಬಿಳಿ ಹೂವಿಗೆ ಕೆಂಪಿನ ಹೆಸರು ಸಲ್ಲದು. ಯಾರ ಧರ್ಮಭಾವನೆಯನ್ನೂ ನೋಯಿಸಬಾರದು. ಈಗಾಗಲೇ ಇರುವ ತಳಿಯ ಹೆಸರಿನೊಡನೆ ಗೊಂದಲವಾಗಬಾರದು. ಊರಿನ ಹೆಸರನ್ನಿಡುವುದಕ್ಕೂ ಸಾಮಾನ್ಯವಾಗಿ ಅಡ್ಡಿಯುಂಟು. ಮನೆಯವರ ಹೆಸರಿಡಲು ಕಾಯಿದೆಯಲ್ಲಿ ಅಡ್ಡಿಯಿಲ್ಲ. ಅಜ್ಜನ ಆಸೆ ನಡೆಯಬಹುದಾಗಿದ್ದ ಆಸೆಯೇ.

ಹೆಸರಿನ ದಾಖಲೆಯೇ ಬೇರೆ, ಹಕ್ಕಿನ ನೋಂದಣಿಯೇ ಬೇರೆ ಎಂಬುದನ್ನೂ ತಿಳಿದಿರಿ. ಲೋಕದ ಗುಲಾಬಿ ತಳಿಗಳ ಹೆಸರುಗಳನ್ನು ೧೯೫೫ರಿಂದ ಅಮೆರಿಕದ ಗುಲಾಬಿ ಸಂಘ ದಾಖಲಿಸುತ್ತಿದೆ. ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ಹೆಸರುಗಳ ದಾಖಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ ಸೇರಿದ್ದು. ಇವು ಒಂದೇ ಹೆಸರು ಎರಡು ಹೂವಿಗೆ ಬೀಳದಂತೆ ನೋಡಿಕೊಳ್ಳುತ್ತವೆ. ಮಾರಾಟದ ಹಕ್ಕನ್ನು ಕೊಡುವುದಿಲ್ಲ. ಹಕ್ಕು ಬರುವುದು ನಮ್ಮ ಕಾಯಿದೆಯಿಂದ.

೫. ಅರ್ಜಿ ಹೋಗುವ ದಾರಿ

ಮೊದಲು ನಿಮ್ಮ ಹೂವಿನ ಜಾತಿ ಪ್ರಾಧಿಕಾರದ ಪಟ್ಟಿಯಲ್ಲಿದೆಯೇ ಎಂದು ಕೇಳಿ ತಿಳಿಯಿರಿ. ಗುಲಾಬಿ, ಸೇವಂತಿಗೆಗಳು ಪಟ್ಟಿಯಲ್ಲಿವೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಶಿವಮೊಗ್ಗದ ಶಾಖಾ ಕಚೇರಿಯಲ್ಲಾಗಲಿ ವಿಚಾರಿಸಬಹುದು.

ಅರ್ಜಿಯ ನಮೂನೆಯಲ್ಲಿ ತಳಿಯ ಹೆಸರು, ಗುಣಗಳ ವಿವರ, ತಾಯಿ ತಳಿ ಸಿಕ್ಕ ಜಾಗ, ಅದನ್ನು ನ್ಯಾಯವಾಗಿ ಪಡೆದೆವೆಂಬ ಹೇಳಿಕೆ ಇವೆಲ್ಲ ಇರಬೇಕು. ರೈತರ ತಳಿಯ ಅರ್ಜಿಗೆ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಥವಾ ಜಿಲ್ಲಾ ಕೃಷಿ ಅಧಿಕಾರಿಗಳಂಥವರ ದೃಢೀಕರಣ ಬೇಕು. ಆ ಸಮಿತಿಯು ಊರಿನ ಗಿಡಮರಗಳ ದಾಖಲಾತಿ ಪುಸ್ತಕವನ್ನೂ ಇಡುತ್ತದೆ. ನಿಮ್ಮ ಹೂವನ್ನು ಅದರಲ್ಲಿ ಬರೆಯಿಸಲು ಕೇಳಿ.

ಅರ್ಜಿ ಸರಿಯಿದ್ದರೆ ತಳಿಯನ್ನು ಪರೀಕ್ಷಾ ಕೇಂದ್ರಗಳಲ್ಲಿ ಬೆಳೆಸಿ ನೋಡುತ್ತಾರೆ. ಹೊಸ ತಳಿಗೆ ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ಎರಡು ಹಂಗಾಮು. ತಳಿಯ ವಿವರವನ್ನು ಪ್ರಾಧಿಕಾರದ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಪ್ರಕಟವಾದ ಮೂರು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಿಮ್ಮ ಹೂವನ್ನು ಬೇರೊಬ್ಬರು ತಮ್ಮದೆಂದು ನೋಂದಾಯಿಸಲು ಹೊರಟರೂ ಇದೇ ಮೂರು ತಿಂಗಳಲ್ಲಿ ನೀವು ತಡೆಯಬಹುದು. ಆಗ ಕೈಯಲ್ಲಿ ಇರಬೇಕಾದದ್ದು ತಾರೀಖು ಹಾಕಿದ ನಿಮ್ಮ ಪುಸ್ತಕ.

೬. ನೆರೆಯವರಿಗೆ ಸಸಿ ಕೊಡಬಾರದೇ?

ಸಭೆಯಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು: "ಸ್ವಾಮಿ, ಹೂವಿನ ಗಿಡ ಕೇಳಿದವರಿಗೆ ಇಲ್ಲವೆನ್ನುವುದು ನಮ್ಮಲ್ಲಿಲ್ಲ. ಈ ಕಾಯಿದೆ ಅದನ್ನೂ ಕಟ್ಟಿಹಾಕುತ್ತದೆಯೇ?" ಒಳ್ಳೆಯ ಪ್ರಶ್ನೆ. ಇಲ್ಲ. ನೋಂದಣಿಯಾದ ತಳಿಯನ್ನು ಕೂಡ ರೈತರು ಉಳಿಸಿಕೊಳ್ಳಬಹುದು, ಮತ್ತೆ ನೆಡಬಹುದು, ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬಹುದು, ಬೆಳೆದದ್ದನ್ನು ಮಾರಲೂಬಹುದು. ತಳಿಯ ಹೆಸರಿನ ಚೀಟಿ ಅಂಟಿಸಿ, ಪೊಟ್ಟಣ ಕಟ್ಟಿ ಬೀಜವೆಂದು ಮಾರುವಂತಿಲ್ಲ, ಅಷ್ಟೆ. ಕಾಯಿದೆ ತಡೆಯುವುದು ಇನ್ನೊಬ್ಬರ ಶ್ರಮದ ಮೇಲೆ ಅಂಗಡಿ ಹಾಕುವವರನ್ನು.

ಆದುದರಿಂದ ಕೊಡಿ, ಆದರೆ ಯಾರಿಗೆ, ಯಾವ ದಿನ, ಎಷ್ಟು ಸಸಿ ಎಂದು ಬರೆದು ಕೊಡಿ. ಹಣಕ್ಕೆ ಕೊಡುವುದಾದರೆ ಅರ್ಜಿ ಹಾಕಿದ ಮೇಲೆ ಕೊಡಿ.

ನೆನಪಿಡಬೇಕಾದದ್ದು

ಕಂಡ ದಿನ ಗುರುತು. ಆ ಕೊಂಬೆಯಿಂದಲೇ ಸಸಿ. ಎರಡು ಮೂರು ಹಂಗಾಮು ಪರೀಕ್ಷೆ. ಹೋಲಿಕೆಯ ಸಾಲು. ಮೊದಲ ಮಾರಾಟದಿಂದ ಒಂದು ವರ್ಷದೊಳಗೆ ಅರ್ಜಿ. ಶುಲ್ಕವಿಲ್ಲ.

ಮನೆಗೆಲಸ: ಈ ವಾರ ಎರಡು ರೂಲಿನ ಒಂದು ನೋಟುಪುಸ್ತಕ ತಂದಿಡಿ. ಮೊದಲ ಪುಟದಲ್ಲಿ ನಿಮ್ಮಲ್ಲಿರುವ ಹೂವಿನ ತಳಿಗಳ ಹೆಸರು, ಅವು ಎಲ್ಲಿಂದ ಬಂದವು ಎಂಬುದನ್ನು ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಯಿಸಿ. ಮುಂದಿನ ಸಭೆಗೆ ಅದನ್ನು ತನ್ನಿ, ನಾನು ನೋಡುತ್ತೇನೆ.

ಅಜ್ಜ ತಮ್ಮ ಪುಸ್ತಕವನ್ನು ಆಗಲೇ ಶುರುಮಾಡಿದ್ದಾರೆ. ಮೊಮ್ಮಗಳು ಬರೆಯುತ್ತಾಳೆ. ಹೊಸ ಹೂವು ಮತ್ತೆ ಬರುತ್ತದೋ ಇಲ್ಲವೋ ಹೇಳಲಾಗದು. ಬಂದರೆ ಈ ಸಲ ಕಾಫಿಗೆ ಮೊದಲು ಪುಸ್ತಕ ತೆರೆಯುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ನಿಮಗೂ ಅದೇ ಮಾತು ಕೊಡುತ್ತೇನೆ.

ನಿಮ್ಮ ಗ್ರಾಮಸೇವಕ