ಅನುಭವಿ ಚಾಲಕನೂ ಗ್ಲೈಡರಿನ ಸುರಕ್ಷತೆಯೂ

೧೮೯೬ರ ಆಗಸ್ಟ್ ೯ರಂದು ಜರ್ಮನಿಯ ರಿನೋ ಎಂಬ ಊರಿನ ಬಳಿಯ ಗುಡ್ಡದಿಂದ ಆಟೋ ಲಿಲಿಯೆಂತಾಲನು ತನ್ನ ಗ್ಲೈಡರಿನಲ್ಲಿ ತೇಲಿ ಹೊರಟನು. ಸುಮಾರು ೧೫ ಮೀಟರು ಎತ್ತರದಲ್ಲಿ ಅದು ಗಾಳಿಯಲ್ಲಿ ನಿಂತಂತಾಗಿ ನೆಲಕ್ಕೆ ಬಿದ್ದಿತು. ಆತನು ಮರುದಿನ ಮೃತನಾದನು. ಅದುವರೆಗೆ ಸುಮಾರು ೨,೦೦೦ ಸಲ ಹಾರಿದ್ದ ಆತನಷ್ಟು ಪಳಗಿದವನು ಆ ಕಾಲದಲ್ಲಿ ಬೇರೊಬ್ಬನಿರಲಿಲ್ಲ. ಹಾಗಾದರೆ ನುರಿತ ಚಾಲಕನ ಜೊತೆಯಲ್ಲಿ ಹಾರುವವನು ಸುರಕ್ಷತೆಯನ್ನು ಯಾವುದರಿಂದ ಅಳೆಯಬೇಕು?

ಎಂಜಿನಿಲ್ಲದ ಗ್ಲೈಡರಿಗೆ ಎತ್ತರವೇ ಬಂಡವಾಳ. ಎದುರುಗಾಳಿಗೆ ರೆಕ್ಕೆಯ ಓರೆಯು ಹೆಚ್ಚಿದಂತೆ ಅದನ್ನು ಮೇಲೆತ್ತುವ ಬಲವೂ ಹೆಚ್ಚುತ್ತದೆ. ಆದರೆ ಓರೆಯು ಸುಮಾರು ೧೫ ಡಿಗ್ರಿಯನ್ನು ಮೀರಿದರೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯನ್ನು ಬಿಟ್ಟುಹೋಗಿ ಆ ಬಲವು ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎಂದು ಹೆಸರು. ಮೂತಿಯನ್ನು ತಗ್ಗಿಸಿದರೆ ಹರಿವು ಮತ್ತೆ ಸರಿಹೋಗುತ್ತದೆ, ನಿಜ. ಆದರೆ ಹಾಗೆ ಮಾಡುವಾಗ ಕೆಳಗಿಳಿಯುವುದು ಅನಿವಾರ್ಯ. ಲಿಲಿಯೆಂತಾಲನಿಗೆ ೧೫ ಮೀಟರು ಸಾಲಲಿಲ್ಲ.

ತಿರುವಿನಲ್ಲಿ ಸಂಗತಿ ಇನ್ನೂ ಸೂಕ್ಷ್ಮವಾದುದು. ಆಗ ರೆಕ್ಕೆಯು ಭಾರವನ್ನು ಹೊರುವುದಲ್ಲದೆ ಗ್ಲೈಡರನ್ನು ವೃತ್ತದ ಕೇಂದ್ರದ ಕಡೆಗೂ ಸೆಳೆಯಬೇಕು. ೬೦ ಡಿಗ್ರಿ ವಾಲಿದಾಗ ಬೇಕಾಗುವ ಬಲ ಭಾರದ ಎರಡರಷ್ಟು. ಈ ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ ಸ್ಟಾಲ್ ಆಗುವ ವೇಗವು ೧.೪೧ರಷ್ಟು ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ ೭೦ ಕಿಲೋಮೀಟರಿನಲ್ಲಿ ಸ್ಟಾಲ್ ಆಗುವ ಗ್ಲೈಡರು ಇಂಥ ತಿರುವಿನಲ್ಲಿ ೯೯ರಲ್ಲಿಯೇ ಸ್ಟಾಲ್ ಆಗುತ್ತದೆ! ೪೫ ಡಿಗ್ರಿಯಲ್ಲಾದರೆ ಸುಮಾರು ೮೩. ಇಳಿಯುವ ಮುನ್ನಿನ ಕೊನೆಯ ತಿರುವನ್ನು ತೀರ ಕೆಳಗೆ, ತೀರ ಬಿಗಿಯಾಗಿ ತೆಗೆದುಕೊಳ್ಳುವವನಿಗೆ ಈ ಲೆಕ್ಕದಿಂದ ವಿನಾಯಿತಿಯಿಲ್ಲ. ಅವನು ಎಷ್ಟು ವರ್ಷ ಹಾರಿದ್ದರೂ ಅಷ್ಟೆ.

ಅನುಭವವನ್ನೂ ಎಣಿಸಿ ನೋಡಬೇಕು. ಲಿಲಿಯೆಂತಾಲನು ಐದು ವರ್ಷಗಳಲ್ಲಿ ಗಾಳಿಯಲ್ಲಿ ಕಳೆದುದು ಒಟ್ಟು ಸುಮಾರು ೫ ಗಂಟೆ ಮಾತ್ರವೆಂದು ವಿಲ್ಬರ್ ರೈಟನು ೧೯೦೧ರಲ್ಲಿ ಲೆಕ್ಕ ಹಾಕಿದ್ದನು. ಭಾಗಿಸಿ ನೋಡಿ: ಒಂದು ಹಾರಾಟಕ್ಕೆ ೯ ಸೆಕೆಂಡು! ಎಷ್ಟು ಸಲ ಎಂಬ ಸಂಖ್ಯೆಯೊಂದರಿಂದಲೇ ಏನೂ ತಿಳಿಯದು. ಚಾಲಕನು ಇತ್ತೀಚೆಗೆ ಹಾರಿರುವನೆ, ಇದೇ ಮಾದರಿಯ ಗ್ಲೈಡರನ್ನು ಬಲ್ಲನೆ, ಕೊನೆಯ ತಿರುವಿಗೆ ಎಷ್ಟು ಎತ್ತರವನ್ನೂ ವೇಗವನ್ನೂ ಉಳಿಸಿಕೊಳ್ಳುವನು ಎಂಬುದನ್ನು ಗಮನಿಸುವುದು ನನಗೆ ಹೆಚ್ಚು ಉಚಿತವಾಗಿ ತೋರುತ್ತದೆ.

ಇಬ್ಬರು ಕೂರುವ ಗ್ಲೈಡರಿನಲ್ಲಿ ಸಾಮಾನ್ಯವಾಗಿ ಎರಡು ಆಸನಗಳಿಗೂ ನಿಯಂತ್ರಣದಂಡವಿರುತ್ತದೆ. ಇಬ್ಬರೂ ನುರಿತವರಾದಾಗ, ದಂಡವು ಇನ್ನೊಬ್ಬನ ಕೈಯಲ್ಲಿದೆಯೆಂದು ಪ್ರತಿಯೊಬ್ಬನೂ ಭಾವಿಸಬಹುದು. ಹಿರಿಯನನ್ನು ಎಚ್ಚರಿಸಲು ಕಿರಿಯನು ಸಂಕೋಚಪಡಬಹುದು. ಆದುದರಿಂದ ಹಾರಿಸುವವನು ಯಾರು, ವೇಗವು ಎಷ್ಟಕ್ಕೆ ಇಳಿದರೆ ಮತ್ತೊಬ್ಬನು ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಅವರು ನೆಲದ ಮೇಲಿರುವಾಗಲೇ ನಿಶ್ಚಯಿಸಿಕೊಳ್ಳಬೇಕು.